ಗಾಡಿಗೆ ಫ್ರಿಜ್ ಹಾಕುವುದಾದರೆ ಮೊದಲು ವೈರ್ ನೋಡಿ

ಬದಿಯಡ್ಕದ ನನ್ನ ಅಂಗಡಿಗೆ ಗಾಡಿಯ ಫ್ರಿಜ್ ಹಿಡಿದುಕೊಂಡು ಬಂದು "ಇದು ಕೆಟ್ಟಿದೆ, ನೋಡಿ" ಅನ್ನುವವರಲ್ಲಿ ಹೆಚ್ಚಿನವರ ಫ್ರಿಜ್ ಕೆಟ್ಟಿರುವುದಿಲ್ಲ. ಅದೇ ಫ್ರಿಜ್ಜನ್ನು ನನ್ನ ಮೇಜಿನ ಮೇಲಿರುವ ಬ್ಯಾಟರಿಗೆ ದಪ್ಪ ವೈರಿನಲ್ಲಿ ಕೊಟ್ಟರೆ ಅರ್ಧ ಗಂಟೆಯಲ್ಲಿ ಒಳಗೆ ತಣ್ಣಗಾಗಿರುತ್ತದೆ. ಕೆಟ್ಟಿರುವುದು ಬ್ಯಾಟರಿಯಿಂದ ಫ್ರಿಜ್ ತನಕ ಇರುವ ದಾರಿ. ಇಪ್ಪತ್ತೈದು ಮೂವತ್ತು ಸಾವಿರದ ಸಾಮಾನು ತಂದು, ಸಾವಿರ ರೂಪಾಯಿಯ ವೈರಿಗೆ ಹಿಂದೆ ಮುಂದೆ ನೋಡುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ. ಹಾಗಾಗಿ ನಾನು ಹೇಗೆ ಹಾಕುತ್ತೇನೆ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲಿಗೆ, ನಿಮಗೆ ಫ್ರಿಜ್ ಬೇಕೇ ಬೇಕಾ ಅಂತ ಯೋಚಿಸಿ. ಮಂಜೇಶ್ವರದಿಂದ ಪೆರ್ಲಕ್ಕೆ ಮೀನು ತರುವವರು ಕೇಳಿದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಒಳ್ಳೆಯ ಐಸ್ ಬಾಕ್ಸ್, ಸಾಕಷ್ಟು ಮಂಜುಗಡ್ಡೆ ಇದ್ದರೆ ಆ ದೂರಕ್ಕೆ ಧಾರಾಳ ಆಯಿತು. ಇನ್ಸುಲಿನ್, ಲಸಿಕೆ, ಮಕ್ಕಳ ಹಾಲು, ಎರಡು ಮೂರು ದಿನದ ಪ್ರಯಾಣದ ಅಡುಗೆ, ಇಂಥದಕ್ಕೆ ಫ್ರಿಜ್ ಬೇಕು. ಬಳಸದೆ ಇಟ್ಟ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಒಳಗಿನ ತಂಪು ಬೇಕು. ಒಮ್ಮೆ ಗಡ್ಡೆ ಕಟ್ಟಿದರೆ ಅದು ಮತ್ತೆ ಉಪಯೋಗಕ್ಕಿಲ್ಲ.

ಕೊಳ್ಳುವಾಗ ಕಂಪ್ರೆಸರ್ ಇರುವುದನ್ನೇ ಕೊಳ್ಳಿ. ಕಡಿಮೆ ಬೆಲೆಗೆ ಸಿಗುವ "ಕಾರ್ ಕೂಲರ್" ಡಬ್ಬಿಗಳಲ್ಲಿ ಕಂಪ್ರೆಸರ್ ಇರುವುದಿಲ್ಲ, ಒಂದು ಸಣ್ಣ ಚಿಪ್ ಮತ್ತು ಫ್ಯಾನ್ ಇರುತ್ತದೆ. ಹೊರಗಿನ ಸೆಕೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗೆ ಇಳಿಸಿದರೆ ಅದರ ಕೆಲಸ ಮುಗಿಯಿತು. ನಮ್ಮ ಏಪ್ರಿಲ್ ಮೇ ತಿಂಗಳಿನಲ್ಲಿ, ನಿಲ್ಲಿಸಿದ ಗಾಡಿಯ ಒಳಗೆ, ಅದರಿಂದ ಎಂಟು ಡಿಗ್ರಿ ಸಿಗುವ ಮಾತೇ ಇಲ್ಲ. ಸಾಲದ್ದಕ್ಕೆ ಅದು ಒಂದು ನಿಮಿಷವೂ ನಿಲ್ಲದೆ ಬ್ಯಾಟರಿ ತಿನ್ನುತ್ತದೆ. ಮನೆಯ ಸಣ್ಣ ಫ್ರಿಜ್ಜಿಗೆ ಇನ್ವರ್ಟರ್ ಕಟ್ಟುವ ಉಪಾಯವೂ ಬೇಡ. ಇನ್ವರ್ಟರೇ ಒಂದು ಪಾಲು ಕರೆಂಟ್ ತಿಂದುಬಿಡುತ್ತದೆ.

ಈಗ ಲೆಕ್ಕ. ನಲವತ್ತು ಲೀಟರಿನ ಫ್ರಿಜ್ ಅಂದುಕೊಳ್ಳಿ. ಕಂಪ್ರೆಸರ್ ಓಡುವಾಗ ಸುಮಾರು 45ರಿಂದ 60 ವ್ಯಾಟ್ ಎಳೆಯುತ್ತದೆ, ಅಂದರೆ ನಾಲ್ಕೈದು ಆಂಪಿಯರ್. ಅದು ಯಾವಾಗಲೂ ಓಡುವುದಿಲ್ಲ, ತಣ್ಣಗಾದ ಮೇಲೆ ನಿಂತು ನಿಂತು ಓಡುತ್ತದೆ. ಮಳೆಗಾಲದಲ್ಲಿ ಮೂರರಲ್ಲಿ ಒಂದು ಪಾಲು ಹೊತ್ತು ಓಡಿದರೆ, ಸೆಕೆಗಾಲದಲ್ಲಿ ಅರ್ಧ ಹೊತ್ತು. ನಾನು ಯಾವಾಗಲೂ ಸೆಕೆಗಾಲದ ಲೆಕ್ಕವನ್ನೇ ಹಿಡಿಯುತ್ತೇನೆ. ನಾಲ್ಕು ಆಂಪಿಯರ್, ದಿನಕ್ಕೆ ಹನ್ನೆರಡು ಗಂಟೆ, 48 ಆಂಪಿಯರ್ ಅವರ್. ಇಡೀ ದಿನಕ್ಕೆ ಐವತ್ತು ಅಂತ ಇಟ್ಟುಕೊಳ್ಳಿ.

ಗಾಡಿಯ ಸ್ವಂತ ಬ್ಯಾಟರಿ ಇದಕ್ಕಾಗಿ ಮಾಡಿದ್ದಲ್ಲ. ಅದರ ಕೆಲಸ ಸೆಲ್ಫ್ ಹೊಡೆಯುವಾಗ ಒಂದೆರಡು ಸೆಕೆಂಡ್ ಭಾರೀ ಕರೆಂಟ್ ಕೊಡುವುದು, ಆಮೇಲೆ ಆಲ್ಟರ್ನೇಟರ್‌ನಿಂದ (ಎಂಜಿನ್ ಓಡುವಾಗ ಕರೆಂಟ್ ಮಾಡುವ ಯಂತ್ರ) ವಾಪಸ್ ತುಂಬಿಕೊಳ್ಳುವುದು. ನಿಧಾನವಾಗಿ ತಳದವರೆಗೆ ಖಾಲಿ ಮಾಡುತ್ತಾ ಹೋದರೆ ಒಳಗಿನ ಪ್ಲೇಟುಗಳು ಬೇಗ ಹಾಳಾಗುತ್ತವೆ. 60 ಆಂಪಿಯರ್ ಅವರಿನ ಬ್ಯಾಟರಿಯಲ್ಲಿ ಒಂದು ರಾತ್ರಿ ಫ್ರಿಜ್ ಓಡಿದರೆ ಮೂರರಲ್ಲಿ ಒಂದು ಪಾಲು ಹೋಯಿತು. ಮರುದಿನ ಗಾಡಿ ಓಡಿಸದೆ ಎರಡನೇ ರಾತ್ರಿಯೂ ಹಾಗೇ ಬಿಟ್ಟರೆ, ಬೆಳಿಗ್ಗೆ ಕೀ ತಿರುಗಿಸಿದಾಗ ಟಿಕ್ ಅನ್ನುವ ಸದ್ದು ಮಾತ್ರ. ಹಗಲು ಹೊತ್ತಿನ ಓಡಾಟಕ್ಕೆ ಮಾತ್ರ ಫ್ರಿಜ್ ಬೇಕು, ರಾತ್ರಿ ಮನೆಯಲ್ಲಿ ತೆಗೆದಿಡುತ್ತೇನೆ ಅನ್ನುವವರಿಗೆ ಅದೇ ಬ್ಯಾಟರಿ ಸಾಕು. ಉಳಿದವರಿಗೆ ಎರಡನೇ ಬ್ಯಾಟರಿ ಬೇಕು.

ಎರಡನೇದಕ್ಕೆ ನಾನು ಹೇಳುವುದು 100 ಆಂಪಿಯರ್ ಅವರಿನ ಲಿಥಿಯಂ, ಅದರಲ್ಲೂ ಲಿಥಿಯಂ ಐರನ್ ಫಾಸ್ಫೇಟ್. ಅದರಲ್ಲಿ ಎಂಬತ್ತು ತೊಂಬತ್ತರಷ್ಟನ್ನು ಧೈರ್ಯವಾಗಿ ಬಳಸಬಹುದು, ಫ್ರಿಜ್ಜಿಗೆ ಒಂದೂವರೆ ದಿನಕ್ಕೂ ಜಾಸ್ತಿ ಬಂತು. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಲ್ಲಿಗೆ ಒಂದೇ ದಿನ. ಭಾರವೂ ಎರಡು ಪಾಲು. ಲಿಥಿಯಂಗೆ ಎಂಜಿನ್ನಿನ ಬಿಸಿ ಆಗುವುದಿಲ್ಲ. ಅದನ್ನು ಬಾನೆಟ್ ಒಳಗೆ ಇಡಬೇಡಿ, ಸೀಟಿನ ಕೆಳಗೋ ಹಿಂದೆಯೋ ಪಟ್ಟಿ ಹಾಕಿ ಬಿಗಿದು ಕೂರಿಸಿ.

ಈ ಎರಡು ಬ್ಯಾಟರಿಗಳನ್ನು ಸುಮ್ನೆ ಒಂದು ವೈರಿನಿಂದ ಸೇರಿಸಬಾರದು. ಲಿಥಿಯಂ ಖಾಲಿಯಾಗಿದ್ದಾಗ ಸಿಕ್ಕಷ್ಟು ಕರೆಂಟ್ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಡಬಹುದು. ಇನ್ನೊಂದು ವಿಷಯ, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನುವ ಹೊಗೆ ನಿಯಮ ಬಂದ ನಂತರದ ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರ್ ಡೀಸೆಲ್ ಉಳಿಸಲಿಕ್ಕೆ ಅಂತ ನಡು ನಡುವೆ ವೋಲ್ಟೇಜ್ ಇಳಿಸುತ್ತದೆ. ಗಾಡಿ ಓಡುತ್ತಿದ್ದರೂ ಎರಡನೇ ಬ್ಯಾಟರಿ ತುಂಬುವುದೇ ಇಲ್ಲ. ಹಾಗಾಗಿ ನಡುವೆ ಒಂದು ಡಿಸಿ ಟು ಡಿಸಿ ಚಾರ್ಜರ್ ಬೇಕು. ಒಳಗೆ ಎಷ್ಟೇ ವೋಲ್ಟ್ ಬರಲಿ, ಅದು ಹೊರಗೆ ಲಿಥಿಯಂಗೆ ಬೇಕಾದ ಹದಿನಾಲ್ಕು ಚಿಲ್ಲರೆ ವೋಲ್ಟ್ ಮಾಡಿ ಕೊಡುತ್ತದೆ, ಕರೆಂಟಿಗೂ ಮಿತಿ ಹಾಕುತ್ತದೆ. 20 ಆಂಪಿಯರಿನದು ಸಾಕು. ಬದಿಯಡ್ಕದಿಂದ ಮಂಗಳೂರಿಗೆ ಹೋಗಿ ಬರುವ ಮೂರು ಗಂಟೆಯಲ್ಲಿ ಅರವತ್ತು ಆಂಪಿಯರ್ ಅವರ್ ವಾಪಸ್ ಬಂತು, ಒಂದು ದಿನದ ಫ್ರಿಜ್ ಖರ್ಚು ಅದರಲ್ಲೇ ತೀರಿತು. ಚಾರ್ಜರಿನಲ್ಲಿ ಇಗ್ನಿಷನ್ ಅಂತ ಒಂದು ಸಣ್ಣ ವೈರ್ ಇರುತ್ತದೆ. ಅದನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಜಾಗಕ್ಕೆ ಕೊಡಿ. ಮರೆತರೆ ಕೆಲವು ಚಾರ್ಜರ್ ಕೆಲಸವನ್ನೇ ಶುರು ಮಾಡುವುದಿಲ್ಲ.

ಇನ್ನು ವೈರಿನ ಮಾತು. ಹೋದ ಬೇಸಿಗೆಯಲ್ಲಿ ನೀರ್ಚಾಲಿನ ಒಬ್ಬರು ಬೊಲೆರೊ ತಂದಿದ್ದರು. ಅಮ್ಮನ ಇನ್ಸುಲಿನ್‌ಗೆ ಅಂತ ಹೊಸ ಫ್ರಿಜ್ ತೆಗೆದುಕೊಂಡು, ಹಿಂದೆ ಇಟ್ಟು, ಸಿಗರೇಟ್ ಸಾಕೆಟ್ಟಿನಿಂದ ಉದ್ದ ವೈರ್ ಎಳೆದಿದ್ದರು. "ಎಂತ ಮಾರಾಯ್ರೇ, ಹೊಸದು ಇದು. ಶುರುವಾಗ್ತದೆ, ನಿಲ್ತದೆ. ಪುನಃ ಶುರುವಾಗ್ತದೆ, ನಿಲ್ತದೆ" ಅಂದರು. ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.5 ಇದೆ, ಫ್ರಿಜ್ಜಿನ ಪ್ಲಗ್ಗಿನಲ್ಲೂ 12.5 ತೋರಿಸುತ್ತದೆ. ಕಂಪ್ರೆಸರ್ ಗುಂಯ್ ಅಂದ ಕೂಡಲೇ ಪ್ಲಗ್ಗಿನಲ್ಲಿ 10.6ಕ್ಕೆ ಬಿತ್ತು. ಬ್ಯಾಟರಿ ಸತ್ತಿದೆ ಅಂತ ಫ್ರಿಜ್ ತಿಳಿದುಕೊಂಡು ತಾನೇ ಬಂದ್ ಆಯಿತು. ಬಂದ್ ಆದ ಮೇಲೆ ಪುನಃ 12.5. ಸಾಕೆಟ್ಟಿನ ಪ್ಲಗ್ ಕೈಯಲ್ಲಿ ಹಿಡಿದರೆ ಬಿಸಿ. ಓಡದೆ ಇರುವಾಗ ವೋಲ್ಟೇಜ್ ನೋಡಿ ಏನೂ ತಿಳಿಯುವುದಿಲ್ಲ, ಕಂಪ್ರೆಸರ್ ಓಡುವಾಗಲೇ ನೋಡಬೇಕು. ಇದೊಂದನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಅರ್ಧ ರಿಪೇರಿ ನೀವೇ ಮಾಡಬಹುದು.

ಬ್ಯಾಟರಿಯಿಂದ ಫ್ರಿಜ್ಜಿಗೆ ಐದು ಮೀಟರ್ ಅಂದರೆ ಕರೆಂಟಿಗೆ ಹೋಗಿ ಬರುವ ದಾರಿ ಹತ್ತು ಮೀಟರ್. 1 ಸ್ಕ್ವೇರ್ (ಒಳಗಿನ ತಾಮ್ರ ಒಂದು ಚದರ ಮಿಲಿಮೀಟರ್) ವೈರ್ ಆದರೆ ಐದು ಆಂಪಿಯರಿಗೆ ದಾರಿಯಲ್ಲೇ 0.86 ವೋಲ್ಟ್ ಹೋಗುತ್ತದೆ. ಶುರುವಾಗುವ ಕ್ಷಣದಲ್ಲಿ ಕರೆಂಟ್ ಇನ್ನೂ ಜಾಸ್ತಿ, ನಷ್ಟವೂ ಅಷ್ಟೇ ಜಾಸ್ತಿ. ಎರಡೂವರೆ ಸ್ಕ್ವೇರಿನಲ್ಲಿ 0.34. 6 ಸ್ಕ್ವೇರಿನಲ್ಲಿ ಬರೀ 0.14. ಹಾಗಾಗಿ ನಾನು ಫ್ರಿಜ್ಜಿಗೆ 6 ಸ್ಕ್ವೇರ್ ಬಿಟ್ಟು ಬೇರೆ ಹಾಕುವುದಿಲ್ಲ. ಮುಂದಿನ ಬ್ಯಾಟರಿಯಿಂದ ಚಾರ್ಜರಿಗೆ 10 ಸ್ಕ್ವೇರ್, ಚಾರ್ಜರ್ ತೀರಾ ಹಿಂದೆ ಇದ್ದರೆ 16. ಮನೆ ವೈರಿಂಗಿನ ಗಟ್ಟಿ ಒಂಟಿ ತಂತಿ ಬೇಡ, ಸಣ್ಣ ಎಳೆಗಳು ತುಂಬಾ ಇರುವ ಮೆದು ವೈರ್ ಬೇಕು. ಗಾಡಿಯ ಕುಲುಕಾಟಕ್ಕೆ ಒಂಟಿ ತಂತಿ ಮುರಿಯುತ್ತದೆ. ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡಲ ಬದಿಯವರಾದರೆ ತವರ ಲೇಪಿಸಿದ ತಾಮ್ರವನ್ನೇ ಕೇಳಿ. ಉಪ್ಪುಗಾಳಿಗೆ ಬರೀ ತಾಮ್ರ ಒಂದೆರಡು ಮಳೆಗಾಲದಲ್ಲೇ ಹಸಿರು ಪುಡಿಯಾಗಿ ಉದುರುವುದನ್ನು ನಾನು ನೋಡಿದ್ದೇನೆ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್‌ನಿಂದ ಹೊರಟ ವೈರಿಗೆ ಒಂದು ಗೇಣಿನ ಒಳಗೇ ಫ್ಯೂಸ್ ಕೂರಿಸಿ. ಫ್ಯೂಸ್ ಇರುವುದು ಫ್ರಿಜ್ಜನ್ನು ಕಾಪಾಡಲಿಕ್ಕಲ್ಲ, ವೈರಿಗೆ ಬೆಂಕಿ ಹಿಡಿಯದ ಹಾಗೆ ನೋಡಿಕೊಳ್ಳಲಿಕ್ಕೆ. ಫ್ರಿಜ್ಜಿನ ಹತ್ತಿರ ಫ್ಯೂಸ್ ಇಟ್ಟು, ಬಾನೆಟ್ಟಿನ ಒಳಗೆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದರೆ ಆ ಫ್ಯೂಸ್ ಇದ್ದೂ ಇಲ್ಲದ ಹಾಗೆ. ಫ್ರಿಜ್ ಲೈನಿಗೆ 15 ಆಂಪಿಯರ್, ಚಾರ್ಜರ್ ಲೈನಿಗೆ 40. ಎರಡು ಬ್ಯಾಟರಿಗಳ ನಡುವಿನ ಲೈನಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು, ಯಾಕೆಂದರೆ ಎರಡೂ ಕಡೆಯಿಂದ ಕರೆಂಟ್ ಬರಬಹುದು.

ಲಗ್, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸುವ ತೂತಿರುವ ಲೋಹದ ತುಂಡು, ಹಾಕುವ ಕೆಲಸಕ್ಕೆ ಅವಸರ ಮಾಡಬೇಡಿ. ಲಗ್ಗಿನ ಕೊಳವೆ ಎಷ್ಟು ಉದ್ದವೋ ಅಷ್ಟೇ ಸಿಪ್ಪೆ ಸುಲಿಯಿರಿ, ಒಂದು ಎಳೆಯೂ ತುಂಡಾಗಬಾರದು. ಮೊದಲು ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಪ್ಲಾಸ್ಟಿಕ್ ಕೊಳವೆ) ವೈರಿಗೆ ತೂರಿಸಿ, ಇಲ್ಲವಾದರೆ ಆಮೇಲೆ ಅದು ಹೋಗುವುದಿಲ್ಲ. ಎಳೆಗಳನ್ನು ಬೆರಳಲ್ಲಿ ಮೆಲ್ಲಗೆ ತಿರುಚಿ ಕೊಳವೆಗೆ ಪೂರ್ತಿ ನೂಕಿ. ಲಗ್ಗಿನ ಅಳತೆಯ ಬಾಯಿ ಇರುವ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಬೇಕು, ಇಕ್ಕುಳದಲ್ಲಿ ಚಪ್ಪಟೆ ಮಾಡಿದ್ದು ನಿಲ್ಲುವುದಿಲ್ಲ. ಒತ್ತಿದ ಮೇಲೆ ಒಂದು ಕೈಯಲ್ಲಿ ಲಗ್, ಇನ್ನೊಂದರಲ್ಲಿ ವೈರ್ ಹಿಡಿದು ಜೋರಾಗಿ ಎಳೆದು ನೋಡಿ. ಕೂದಲೆಳೆಯಷ್ಟು ಜಾರಿದರೂ ಕತ್ತರಿಸಿ ಹೊಸದು ಹಾಕಿ. ಒಳಗೆ ಅಂಟು ಇರುವ ಸ್ಲೀವ್ ಬಿಸಿ ಮಾಡಿದಾಗ ಬಾಯಿಯ ಸುತ್ತ ಅಂಟು ಸ್ವಲ್ಪ ಹೊರಗೆ ಬರಬೇಕು, ಆಗ ನೀರು ಒಳಗೆ ಹೋಗುವುದಿಲ್ಲ. ಬೆಸುಗೆ ಮಾತ್ರ ಬೇಡ. ಬೆಸುಗೆ ಹೀರಿದ ವೈರ್ ಗಡುಸಾಗಿ, ಅದು ಮುಗಿಯುವ ಜಾಗದಲ್ಲೇ ಮುರಿಯುತ್ತದೆ.

ಬಾನೆಟ್ಟಿನಿಂದ ಒಳಗೆ ತರುವಾಗ ತಗಡಿನ ತೂತಿಗೆ ರಬ್ಬರ್ ಬುಷ್ ಇರಲೇಬೇಕು. ಉದ್ದಕ್ಕೂ ಫ್ಲೆಕ್ಸಿಬಲ್ ಪೈಪ್ ಹಾಕಿ. ಸೈಲೆನ್ಸರ್, ಸ್ಟೀರಿಂಗ್, ಪೆಡಲ್‌ಗಳಿಂದ ದೂರ ಇಡಿ, ಅಲ್ಲಲ್ಲಿ ಟ್ಯಾಗ್ ಕಟ್ಟಿ. ಅಡಕೆ ತೋಟದ ಬದಿಯಲ್ಲಿ ಗಾಡಿ ನಿಲ್ಲಿಸುವವರಿಗೆ ಇಲಿಯ ಕಾಟ ಗೊತ್ತೇ ಇದೆ, ಅಲ್ವಾ?

ಅರ್ತ್ ಅನ್ನು, ಅಂದರೆ ನೆಗೆಟಿವ್ ದಾರಿಯನ್ನು, ಗಾಡಿಯ ಬಾಡಿಯಿಂದ ತೆಗೆದುಕೊಂಡರೆ ಒಂದು ವೈರ್ ಉಳಿತಾಯ ಆಗುತ್ತದೆ, ನಿಜ. ಆದರೆ ನಮ್ಮ ಕಡೆಯ ಗಾಡಿಗಳಿಗೆ ತುಕ್ಕು ಬೇಗ ಹಿಡಿಯುವುದರಿಂದ ಫ್ರಿಜ್ಜಿನ ನೆಗೆಟಿವ್ ಅನ್ನೂ ಅದೇ 6 ಸ್ಕ್ವೇರಿನಲ್ಲಿ ಬ್ಯಾಟರಿ ತನಕ ತರುತ್ತೇನೆ. ಹೊಸ ಗಾಡಿಯಲ್ಲಿ ಮುಂದಿನ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಕಪ್ಪು ಡಬ್ಬಿ ಕಂಡರೆ ಅದು ಸೆನ್ಸರ್. ನಿಮ್ಮ ವೈರನ್ನು ಟರ್ಮಿನಲ್ಲಿಗೇ ಹಾಕಿದರೆ ನಿಮ್ಮ ಕರೆಂಟ್ ಅದರ ಲೆಕ್ಕಕ್ಕೆ ಸಿಗುವುದಿಲ್ಲ, ಗಾಡಿಯ ಕಂಪ್ಯೂಟರ್ ತಪ್ಪು ತಿಳಿಯುತ್ತದೆ. ಅಂಥ ಗಾಡಿಯಲ್ಲಿ ಆ ಡಬ್ಬಿಯಿಂದ ಹೊರಟ ವೈರ್ ಬಾಡಿಗೆ ಬೋಲ್ಟ್ ಆಗಿರುವ ಜಾಗಕ್ಕೆ, ಬಣ್ಣ ಉಜ್ಜಿ ತೆಗೆದು, ಬಿಗಿಯಿರಿ.

ಹಿಂದಿನ ತುದಿಗೆ ಸಿಗರೇಟ್ ಸಾಕೆಟ್ ಬದಲು 50 ಆಂಪಿಯರಿನ ಆಂಡರ್ಸನ್ ಕನೆಕ್ಟರ್ (ಬಿಗಿಯಾಗಿ ಕೂರುವ ದಪ್ಪ ಪ್ಲಗ್) ಹಾಕಿ. ಸೀತಾಂಗೋಳಿ ಕಡೆಯ ಒಳದಾರಿಗಳಲ್ಲಿ ಎಷ್ಟು ಹಾರಿದರೂ ಅದು ಕಳಚುವುದಿಲ್ಲ, ಬೇಕಾದಾಗ ಒಂದೇ ಎಳೆತಕ್ಕೆ ಬರುತ್ತದೆ. ಫ್ರಿಜ್ಜನ್ನು ಬಾಡಿಗೆ ತೂತು ಕೊರೆದು ಕೂರಿಸಬೇಡಿ, ಮೊದಲೇ ಇರುವ ಕೊಕ್ಕೆಗಳಿಗೆ ಪಟ್ಟಿಯಲ್ಲಿ ಬಿಗಿದರೆ ಸಾಕು. ಕೆಎಲ್ 14, ಅಂದರೆ ನಮ್ಮ ಕಾಸರಗೋಡು ನಂಬರಿನ ಗಾಡಿಗಳ ತಪಾಸಣೆ ಬಿಗಿಯಾಗಿಯೇ ಇದೆ, ತೆಗೆದಿಡಬಹುದಾದ ಸಾಮಾನಾಗಿ ಇದ್ದರೆ ಕಿರಿಕಿರಿ ಕಡಿಮೆ. ಫ್ರಿಜ್ಜಿನ ಗಾಳಿ ಜಾಲರಿಯ ಎದುರು ನಾಲ್ಕು ಬೆರಳು ಜಾಗ ಬಿಡಿ. ಅದಕ್ಕೆ ಚೀಲ ಒರಗಿಸಿದರೆ ಬಿಸಿ ಹೊರಗೆ ಹೋಗದೆ ಕಂಪ್ರೆಸರ್ ನಿಲ್ಲುವುದೇ ಇಲ್ಲ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಎಂಜಿನ್ ಬಂದ್ ಮಾಡಿ, ಕಂಪ್ರೆಸರ್ ಓಡುವಾಗ ಬ್ಯಾಟರಿಯಲ್ಲೂ ಫ್ರಿಜ್ಜಿನ ಕನೆಕ್ಟರಿನಲ್ಲೂ ವೋಲ್ಟೇಜ್ ನೋಡಿ. ವ್ಯತ್ಯಾಸ 0.3 ದಾಟಬಾರದು. ಅರ್ಧ ಗಂಟೆ ಓಡಿಸಿ ಪ್ರತಿಯೊಂದು ಜಾಯಿಂಟನ್ನೂ ಬೆರಳಲ್ಲಿ ಮುಟ್ಟಿ. ಬಿಸಿ ಇರುವ ಜಾಗದಲ್ಲಿ ತಪ್ಪಿದೆ, ಬಿಚ್ಚಿ ಮತ್ತೆ ಮಾಡಿ. ಬೊಲೆರೊದಲ್ಲಿ ಎರಡನೇ ಬ್ಯಾಟರಿ, ಹೊಸ ಲೈನ್ ಹಾಕಿದ ಮೇಲೆ ವ್ಯತ್ಯಾಸ 0.1ರ ಆಸುಪಾಸಿಗೆ ಬಂತು.

ಫ್ರಿಜ್ಜಿನ ಮೆನುವಿನಲ್ಲಿ ಬ್ಯಾಟರಿ ರಕ್ಷಣೆಗೆ ಹೈ, ಮೀಡಿಯಂ, ಲೋ ಅಂತ ಇರುತ್ತದೆ. ಗಾಡಿಯ ಸ್ವಂತ ಬ್ಯಾಟರಿಗೆ ಕೊಟ್ಟಿದ್ದರೆ ಹೈ ಇಡಿ, ಸೆಲ್ಫ್ ಹೊಡೆಯುವಷ್ಟು ಉಳಿಯಲಿ. ಪ್ರತ್ಯೇಕ ಲಿಥಿಯಂ ಇದ್ದರೆ ಮೀಡಿಯಂ ಸಾಕು, ಅದಕ್ಕೆ ತನ್ನದೇ ರಕ್ಷಣೆಯೂ ಒಳಗಿದೆ. ಇನ್ಸುಲಿನ್ ಇಡುವವರು ಫ್ರಿಜ್ಜಿನ ಹೊರಗೆ ಕಾಣುವ ಅಂಕಿಯನ್ನೇ ನಂಬಬೇಡಿ. ತಳದಲ್ಲೂ ಗೋಡೆಯ ಬದಿಯಲ್ಲೂ ಅದಕ್ಕಿಂತ ಜಾಸ್ತಿ ತಂಪು ಇರುತ್ತದೆ. ಒಂದು ಸಣ್ಣ ಥರ್ಮಾಮೀಟರನ್ನು ಔಷಧಿ ಡಬ್ಬಿಯ ಒಳಗೇ ಹಾಕಿ, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಮೇಲಿನ ಬುಟ್ಟಿಯಲ್ಲಿ ಇಡಿ. ಒಂದು ರಾತ್ರಿ ನೀರಿನ ಬಾಟಲಿ ಮಾತ್ರ ಇಟ್ಟು ಓಡಿಸಿ, ಬೆಳಿಗ್ಗೆ ಥರ್ಮಾಮೀಟರ್ 4, 5 ಡಿಗ್ರಿ ತೋರಿಸಿದರೆ ಆಮೇಲೆ ಔಷಧಿ ಒಳಗೆ ಹೋಗಲಿ.