ಬಿಸಿಲು ಕಂಡವರಿಗೆ ಸೌನಾ: ಹೆಲ್ಸಿಂಕಿಗೆ ಹೊರಟಿರುವ ನಮ್ಮ ಕಡೆಯವರಿಗೆ

ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 11 ವರ್ಷ ಕಳೆದಿರುವ ನಾನು ಬೇಸಿಗೆಗೆ ಗಂಗಾವತಿಗೆ ಬಂದಾಗಲೆಲ್ಲ, ಓದಲೆಂದೋ ನೌಕರಿಗೆಂದೋ ಅಲ್ಲಿಗೆ ಹೊರಟಿರುವ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ನಮ್ಮ ಪಡಸಾಲೆಗೆ ಬಂದು ಕೂರುವುದು ವಾಡಿಕೆಯಾಗಿದೆ. ವೀಸಾ, ಮನೆ ಬಾಡಿಗೆ, ಅಕ್ಕಿ ಎಲ್ಲಿ ಸಿಗುತ್ತದೆ ಎಂಬುದೆಲ್ಲ ಮುಗಿದ ಮೇಲೆ ಮಾತು ಸೌನಾದ ಕಡೆಗೆ, ಅಂದರೆ ಒಲೆಯ ಮೇಲೆ ಕಲ್ಲು ಕಾಯಿಸಿ ಬೆವರಲೆಂದೇ ಕೂರುವ ಅಲ್ಲಿಯ ಬಿಸಿ ಕೋಣೆಯ ಕಡೆಗೆ ಹೊರಳುತ್ತದೆ. ಈ ಸಲ ಸಿಂಧನೂರಿನ ಹುಡುಗನೊಬ್ಬ, ಹೊರಗೆ 42 ಡಿಗ್ರಿ ಬಿಸಿಲು ಕಾಯುತ್ತಿದ್ದಾಗ, "ಸೆಕಿ ನಮಗೇನ್ ಹೊಸದೇನ್ರಿ ಅಣ್ಣ, ಕುಂತು ತೋರಿಸ್ತೀವಿ" ಎಂದು ನಕ್ಕ. ಅದೇ ಮಾತನ್ನು ನಾನೂ ಒಂದು ಕಾಲಕ್ಕೆ ಆಡಿದ್ದವನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಸುಮಾರು 55 ಲಕ್ಷ ಜನರಿರುವ ಫಿನ್‌ಲ್ಯಾಂಡಿನಲ್ಲಿ 30 ಲಕ್ಷದಷ್ಟು ಸೌನಾಗಳಿವೆಯೆಂದು ಅಂದಾಜು. 2020ರಲ್ಲಿ ಯುನೆಸ್ಕೋ ಈ ಸಂಸ್ಕೃತಿಯನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಅದು ಶೋಕಿಯ ವಸ್ತುವಲ್ಲ, ನಮ್ಮ ಬಚ್ಚಲಿನ ಹಂಡೆ ಒಲೆಯಷ್ಟೇ ಮನೆಯ ಭಾಗ. ಹಿಂದಿನ ಕಾಲದಲ್ಲಿ ಹೆಂಗಸರ ಹೆರಿಗೆಯೂ ಸೌನಾದಲ್ಲೇ ಆಗುತ್ತಿತ್ತು ಎಂದು ಹೇಳಿದಾಗ ನಮ್ಮ ತಾಯಿ ಕಿಂಚಿತ್ತೂ ಆಶ್ಚರ್ಯಪಡಲಿಲ್ಲ. ಬಾಣಂತಿಗೆ ಕುದಿಯುವಂಥ ನೀರು ಎರೆದು, ಕೆಂಡದ ಶಾಖ ಕೊಟ್ಟವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನಮ್ಮ ಕಡೆಯದು ಒಣ ಬಿಸಿಲು. ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತ ಮೈಯನ್ನು ತಂಪು ಮಾಡುತ್ತದೆ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆಯಷ್ಟೇ ಉಳಿಯುತ್ತದೆ. ಸೌನಾದೊಳಗೆ 80ರಿಂದ 100 ಡಿಗ್ರಿ ಇದ್ದರೂ ಮೊದಲ ಎರಡು ಮೂರು ನಿಮಿಷ ಹಿತವಾಗಿಯೇ ಇರುವುದು ಅಲ್ಲಿಯ ಗಾಳಿಯೂ ಒಣಗಿರುವುದರಿಂದ, ಮತ್ತು ನಮ್ಮವರು ಮೋಸಹೋಗುವುದು ಆ ಎರಡು ಮೂರು ನಿಮಿಷಗಳಲ್ಲೇ. ಆಮೇಲೆ ಯಾರೋ ಒಂದು ಸೌಟು ನೀರನ್ನು ಒಲೆಯ ಮೇಲಿನ ಕಲ್ಲುಗಳಿಗೆ ಚೆಲ್ಲುತ್ತಾರೆ. ಕಲ್ಲು ಚೊಂಯ್ ಎನ್ನುತ್ತದೆ. ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಬಳಿಕ ಚಾವಣಿಗೆ ತಗುಲಿ ಇಳಿದ ಹಬೆ ಮೊದಲು ಕಿವಿಯ ತುದಿಯನ್ನು, ಆಮೇಲೆ ಮೂಗಿನ ಹೊಳ್ಳೆಗಳನ್ನು, ಕೊನೆಗೆ ಬೆನ್ನನ್ನು ಮುಟ್ಟುತ್ತದೆ. ಆ ಹಬೆ ಚರ್ಮದ ಮೇಲೆ ನೀರಾಗಿ ಕೂತು, ತನ್ನೊಳಗಿನ ಕಾವನ್ನೆಲ್ಲ ಮೈಗೆ ಒಪ್ಪಿಸಿಬಿಡುತ್ತದೆ, ಬೆವರು ಆರುವ ದಾರಿಯೂ ಮುಚ್ಚುತ್ತದೆ. ಈ ಹಬೆಗೆ ಅವರು 'ಲೋಯ್ಲು' ಎನ್ನುತ್ತಾರೆ. ಆ ಪದಕ್ಕೆ ಬಹಳ ಹಿಂದೆ ಉಸಿರು, ಜೀವ ಎಂಬ ಅರ್ಥವಿತ್ತಂತೆ. ಆದ್ದರಿಂದ ಮೊದಲ ಸಲ ಹೋದವರು ಕೆಳಗಿನ ಹಲಗೆಯ ಮೇಲೆ ಕೂರಬೇಕು, ತಲೆ ಹಗುರವೆನಿಸಿದರೆ ನಾಚಿಕೆಯಿಲ್ಲದೆ ಎದ್ದು ಹೊರಬರಬೇಕು. ಯಾರು ಹೆಚ್ಚು ಹೊತ್ತು ಕೂರುತ್ತಾರೆಂಬ ಪಂದ್ಯವನ್ನು ಆ ದೇಶದವರೇ ನಡೆಸುತ್ತಿದ್ದರು. 2010ರಲ್ಲಿ ಸ್ಪರ್ಧಿಯೊಬ್ಬರು ಸತ್ತ ಮೇಲೆ ನಿಲ್ಲಿಸಿದರು.

ಹೋಗುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಿ. ನನ್ನ ಬೆಳ್ಳಿಯ ಉಡದಾರ ಕಾದು ಸೊಂಟದ ಸುತ್ತ ಬರೆ ಎಳೆದದ್ದು ಒಂದು ವಾರ ಉರಿಯಿತು. ತಾಳಿಯ ಸರ, ಕಾಲುಂಗುರ, ಕನ್ನಡಕಕ್ಕೂ ಇದೇ ಮಾತು. ಬೆಳ್ಳಿಯ ಕರಡಿಗೆ ಧರಿಸುವವರು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬರುವುದು ಲೇಸು. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ. ಒಳಗೆ ಹೋಗುವ ಮೊದಲು ಜಳಕ ಕಡ್ಡಾಯ, ಕೂರುವಾಗ ಕೆಳಗೆ ಒಂದು ಬಟ್ಟೆ ಹಾಸಬೇಕು. ಬಟ್ಟೆಯ ವಿಷಯಕ್ಕೆ ಬಂದರೆ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಇರುವ ಹಳೆಯ ಸೌನಾಗಳಲ್ಲಿ ಬೆತ್ತಲೆ ಕೂರುವುದೇ ರೂಢಿ. 1928ರಿಂದಲೂ ಕಟ್ಟಿಗೆಯಲ್ಲೇ ಕಾಯುತ್ತಿರುವ ಕೋತಿಹಾರ್ಯು ಅಂಥದ್ದು. ಅದಕ್ಕೆ ಮನಸ್ಸೊಪ್ಪದವರು 2016ರಲ್ಲಿ ಹೆಲ್ಸಿಂಕಿಯ ಹೆರ್ನೆಸಾರಿಯ ದಂಡೆಯಲ್ಲಿ ತೆರೆದ, 'ಲೋಯ್ಲು' ಎಂಬ ಹೆಸರನ್ನೇ ಇಟ್ಟುಕೊಂಡಿರುವ ಸೌನಾಕ್ಕೆ ಹೋಗಬಹುದು. ಅಲ್ಲಿ ಎಲ್ಲರೂ ಈಜುಡುಗೆಯಲ್ಲಿ ಒಟ್ಟಿಗೆ ಕೂರುತ್ತಾರೆ, ಮೆಟ್ಟಿಲಿಳಿದರೆ ಸಮುದ್ರ. ದಂಪತಿಗಳಿಗೆ ನಾನು ಹೇಳುವುದು ಇದನ್ನೇ.

ನನಗೆ ಮಾತ್ರ ಸೊಂಪಸೌನಾ ಇಷ್ಟ. ಅಲ್ಲಿ ಸಿಬ್ಬಂದಿಯಿಲ್ಲ, ಟಿಕೆಟ್ಟಿಲ್ಲ. ಬಂದವರೇ ಕಟ್ಟಿಗೆ ಒಡೆದು ಒಲೆ ಹೊತ್ತಿಸುತ್ತಾರೆ. ಬರ್ಚ್ ಕಟ್ಟಿಗೆಯ ಬಿಳಿ ತೊಗಟೆ ಸೀಮೆಎಣ್ಣೆ ಸವರಿದಂತೆ ಹತ್ತಿಕೊಳ್ಳುತ್ತದೆ. ಕೆಂಡದ ಕಾವಿನಲ್ಲಿ ನಮ್ಮ ಬಳ್ಳಾರಿ ಜಾಲಿಯೇ ಮೇಲು ಎಂಬುದು ನನ್ನ ಪಕ್ಷಪಾತ, ಆದರೆ ಬರ್ಚ್‌ಗೆ ಮುಳ್ಳಿಲ್ಲ. ಮುಂದೆ ಕಾಡಿನ ಮನೆ ಬಾಡಿಗೆಗೆ ಹಿಡಿದು ನೀವೇ ಒಲೆ ಹಚ್ಚಿದರೆ, ಕೆಂಡ ಪೂರ್ತಿ ಆರುವವರೆಗೆ ಹೊಗೆಕೊಳವೆಯ ತಗಡನ್ನು ಮುಚ್ಚಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಇನ್ನು ನೀರು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜು ಕಲಿತವನೆಂಬ ಗರ್ವದಿಂದ, ನನ್ನ ಮೊದಲ ಫೆಬ್ರುವರಿಯಲ್ಲಿ ಮೇಲಿನ ಹಲಗೆಯಿಂದ ಎದ್ದವನೇ ಓಡಿಹೋಗಿ, ಮಂಜುಗಡ್ಡೆ ಕೊರೆದು ಮಾಡಿದ್ದ ಕಿಂಡಿಯಲ್ಲಿ ಇಳಿದೆ. ನೀರು ಸೊನ್ನೆ ಡಿಗ್ರಿಯ ಆಸುಪಾಸು. ಎದೆಯವರೆಗೆ ಮುಳುಗುತ್ತಲೇ ಉಸಿರು ಒಳಕ್ಕೆ ಎಳೆದುಕೊಂಡಿತು, ಮತ್ತೆ ಎಳೆದುಕೊಂಡಿತು, ಹೊರಗೆ ಬಿಡಲು ಬರಲಿಲ್ಲ. ಏಣಿ ಕೈಯಳತೆಯಲ್ಲಿದ್ದರೂ ಕಾಣಲಿಲ್ಲ. ಉಣ್ಣೆಯ ಟೋಪಿ ಹಾಕಿಕೊಂಡು ಪಕ್ಕದಲ್ಲೇ ಕತ್ತು ಮೇಲಿಟ್ಟು ತೇಲುತ್ತಿದ್ದ ಅಜ್ಜಿಯೊಬ್ಬರು ನನ್ನ ಮುಖ ನೋಡಿ "ಹೆಂಗಿತ, ಹೆಂಗಿತ" ಎಂದರು. ಇಷ್ಟು ದೂರದಲ್ಲಿ ನಮ್ಮ ಭಾಷೆಯಲ್ಲಿ 'ಹೆಂಗಿತ್ತ' ಎಂದು ಕೇಳುವವರು ಯಾರಪ್ಪಾ ಎಂದು ಬೆರಗಾದ ಆ ಒಂದು ಕ್ಷಣದಲ್ಲಿ ಉಸಿರು ತಾನಾಗಿ ಹೊರಬಿತ್ತು. ಫಿನ್ನಿಶ್‌ನಲ್ಲಿ ಹಾಗೆಂದರೆ 'ಉಸಿರಾಡು' ಎಂದರ್ಥವೆಂದು ಆಮೇಲೆ ತಿಳಿಯಿತು.

ಆ ಏದುಸಿರು ಹೆದರಿಕೆಯಲ್ಲ, ತಣ್ಣೀರು ಚರ್ಮಕ್ಕೆ ತಗುಲಿದಾಗ ಯಾರ ಮೈಯಾದರೂ ತೋರುವ ಪ್ರತಿಕ್ರಿಯೆ. ಮೊದಲ ಅರ್ಧ ನಿಮಿಷದಲ್ಲಿ ಜೋರಾಗಿದ್ದು, ಒಂದರಿಂದ ಮೂರು ನಿಮಿಷದೊಳಗೆ ತಗ್ಗುತ್ತದೆ. ಆ ಹೊತ್ತಿನಲ್ಲಿ ತಲೆ ನೀರಿನೊಳಗಿದ್ದರೆ ನೀರು ಕುಡಿಯುತ್ತೀರಿ. ಆದ್ದರಿಂದ ಎಂದೂ ಜಿಗಿಯಬೇಡಿ, ಮುಳುಗು ಹಾಕಬೇಡಿ, ಒಬ್ಬರೇ ಹೋಗಬೇಡಿ, ಮದ್ಯ ಕುಡಿದಂತೂ ಬೇಡವೇ ಬೇಡ. ಸೌನಾದಿಂದ ಹೊರಬಂದು ಒಂದೆರಡು ನಿಮಿಷ ನಿಂತು, ಏಣಿ ಹಿಡಿದು, ಉಸಿರನ್ನು ಉದ್ದಕ್ಕೆ ಬಿಡುತ್ತ ಒಂದೊಂದೇ ಮೆಟ್ಟಿಲು ಇಳಿಯಿರಿ. ಈಜು ಬಾರದವರು ಏಣಿಯನ್ನು ಬಿಡಬೇಕಾಗಿಯೇ ಇಲ್ಲ. ಕತ್ತಿನವರೆಗೆ ಇಳಿದು, ಮೂರು ಸಲ ನಿಧಾನವಾಗಿ ಉಸಿರಾಡಿ ಮೇಲೆ ಬಂದರೆ ಆ ದಿನಕ್ಕೆ ಧಾರಾಳವಾಯಿತು. ಬೆರಳುಗಳು ಮರಗಟ್ಟುವುದರಿಂದ ಕಾಲಿಗೆ ರಬ್ಬರಿನ ಈಜು ಸಾಕ್ಸ್ ಇರಲಿ. ಮೇಲೆ ಬಂದ ಬಳಿಕವೂ ಮೈಯೊಳಗಿನ ಶಾಖ ಕೆಲಹೊತ್ತು ಇಳಿಯುತ್ತಲೇ ಇರುತ್ತದೆ. ಫೋಟೊ ತೆಗೆಸಿಕೊಳ್ಳುತ್ತ ನಿಲ್ಲದೆ ಮೈ ಒರೆಸಿಕೊಂಡು ಒಳಗೆ ನಡೆಯಿರಿ. ಬೇಸಿಗೆಯಲ್ಲಿ ಚಳಿಯ ತೊಂದರೆಯಿಲ್ಲವಾದರೂ, ನೀರಿನ ಮೇಲೆ ಹಸಿರು ಕೆನೆಯಂತೆ ಪಾಚಿ ಕಟ್ಟಿದ್ದರೆ ಇಳಿಯಬಾರದು, ಅದು ವಿಷದ ಪಾಚಿಯಾಗಿರಬಹುದು.

ಆರೋಗ್ಯದ ಬಗ್ಗೆ ಅಲ್ಲಿ ಬಹಳ ಕೇಳುತ್ತೀರಿ. ಪೂರ್ವ ಫಿನ್‌ಲ್ಯಾಂಡಿನ ಸುಮಾರು 2300 ಗಂಡಸರನ್ನು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾ ಮಾಡುವವರಲ್ಲಿ ಹೃದಯದ ಹಠಾತ್ ಸಾವು ಕಡಿಮೆಯಿದ್ದದ್ದು ಕಂಡಿತ್ತು. ಅದು ಸೌನಾದ ಮಾತು, ಮಂಜಿನ ನೀರಿನದಲ್ಲ. ಅವರೂ ಹುಟ್ಟಿದಾಗಿನಿಂದ ಬೆವರಿದವರು. ಬಿ.ಪಿ., ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತಣ್ಣೀರಿಗೆ ಇಳಿಯಬಾರದು.

ಎಲ್ಲ ಮುಗಿದ ಮೇಲೆ ಅವರು ಬೆಂಕಿಯಲ್ಲಿ ಸಾಸೇಜ್ ಸುಡುತ್ತಾರೆ. ಮಾಂಸ ತಿನ್ನದವರು ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ಅಲ್ಲಿಯ ಅಂಗಡಿಗಳಲ್ಲಿ 'ಪೀಮಾ' ಎಂಬ ಹುಳಿ ಹಾಲಿನ ಡಬ್ಬಿ ಸಿಗುತ್ತದೆ; ಅರ್ಧದಷ್ಟು ನೀರು ಬೆರೆಸಿ, ಉಪ್ಪು, ಜೀರಿಗೆ ಪುಡಿ ಹಾಕಿ ಅಲ್ಲಾಡಿಸಿದರೆ ನಮ್ಮ ಮಜ್ಜಿಗೆಯೇ. ನಾನು ಎರಡು ಬಾಟಲಿ ಒಯ್ಯುತ್ತೇನೆ, ಏಕೆಂದರೆ ಈಗ ಆ ಅಜ್ಜಿಗೂ ಜೀರಿಗೆ ಬೇಕು.