ಜಾಹೀರಾತಿನ ನಗೆಯನ್ನು ಬಿಡಿಸಿ ನೋಡಿದ ಬಗೆ

ವಿರಾಜಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನಾನು, ಅಲಂಕಾರಗಳ ಪಾಠ ಬಂದಾಗಲೆಲ್ಲ ಟಿ.ವಿ. ಜಾಹೀರಾತುಗಳನ್ನು ತರಗತಿಗೆ ತರುತ್ತೇನೆ. "ಇದರಲ್ಲಿ ನಗುವಂಥದ್ದು ಏನಿದೆ ಮೇಡಂ?" ಎಂದು ಮಕ್ಕಳು ಕೇಳತೊಡಗಿದ್ದೇ ಇದಕ್ಕೆ ಕಾರಣ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಅಥವಾ ತುಳು ಆಡುವ ಈ ಮಕ್ಕಳು ನೋಡುವುದು ಬಹುಮಟ್ಟಿಗೆ ಹಿಂದಿಯಲ್ಲಿ ಹುಟ್ಟಿ, ಆಮೇಲೆ ಕನ್ನಡದ ಧ್ವನಿ ಕೂಡಿಸಿಕೊಂಡು ಬಂದ ಜಾಹೀರಾತುಗಳನ್ನು. ಅರ್ಥವಾಗದಿದ್ದಾಗ ಕೊರತೆ ತಮ್ಮದೇ ಎಂದುಕೊಂಡು ಅವರು ಸುಮ್ಮನಾಗುವುದನ್ನು ನೋಡಿ ನನಗೆ ಬೇಸರವಾಗುತ್ತಿತ್ತು. ಜಾಹೀರಾತು ಮಾಡಿದವರು ನೋಡುಗರಿಗೆ ಇದು ಮೊದಲೇ ಗೊತ್ತಿರುತ್ತದೆ ಎಂದು ನಂಬಿಕೊಂಡ ಯಾವುದೋ ಒಂದು ಸಂಗತಿ ನಮ್ಮ ಬಳಿ ಇರುವುದಿಲ್ಲ. ನಗೆ ತಪ್ಪಿಹೋಗುವುದು ಬಹಳ ಸಲ ಅಲ್ಲಿಯೇ. ಆದ್ದರಿಂದ ಆ ಸಂಗತಿಯನ್ನು ಹುಡುಕುವುದನ್ನೇ ಪಾಠವಾಗಿ ಮಾಡಿಕೊಂಡೆ.

ಮೊದಲ ಸಲ ಧ್ವನಿಯಿಲ್ಲದೆ ನೋಡುತ್ತೇವೆ, ಎರಡನೆಯ ಸಲ ಧ್ವನಿಯೊಂದಿಗೆ. ಅನಂತರ ಪ್ರತಿಯೊಬ್ಬರೂ ತಾವು ಕಂಡದ್ದನ್ನು ಬರೆಯಬೇಕು. ಏನು ಅನ್ನಿಸಿತು ಎಂಬುದನ್ನು ಆ ಹಂತದಲ್ಲಿ ನಾನು ಕೇಳುವುದಿಲ್ಲ.

2002ರಲ್ಲಿ ಹೆಸರಾಂತ ಜಾಹೀರಾತು ಬರಹಗಾರ ಪೀಯೂಷ್ ಪಾಂಡೆಯವರ ತಂಡ ಫೆವಿಕಾಲ್ ಎಂಬ ಅಂಟಿಗಾಗಿ ಮಾಡಿದ ಬಸ್ಸಿನ ಜಾಹೀರಾತು ಈ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಮರುಭೂಮಿಯ ಹದಗೆಟ್ಟ ರಸ್ತೆಯಲ್ಲಿ ಒಂದು ಬಸ್ಸು ಓಲಾಡುತ್ತ ಬರುತ್ತದೆ, ಅದರ ಒಳಗೆ, ಮೇಲೆ, ಹಿಂದೆ, ಪಕ್ಕದಲ್ಲಿ ಎಲ್ಲೆಲ್ಲೂ ಜನರು, ಮಾತೇ ಇಲ್ಲ, ಬಸ್ಸು ಮುಂದೆ ಸಾಗಿದಾಗ ಅದರ ಹಿಂಬದಿಯಲ್ಲಿ ಫೆವಿಕಾಲ್ ಹೆಸರಿನ ಫಲಕ ಕಾಣುತ್ತದೆ. ನನ್ನ ತರಗತಿಯಲ್ಲಿ ಇದಕ್ಕೆ ಯಾರೂ ನಗಲಿಲ್ಲ. ಅವರು ಬರೆದುಕೊಟ್ಟ ಹಾಳೆಗಳನ್ನು ಓದಿದ ಮೇಲೆ ಕಾರಣ ತಿಳಿಯಿತು. ಕಾಫಿ ಕೊಯ್ಲಿನ ಕಾಲದಲ್ಲಿ ಲೈನ್‌ಮನೆಗಳಿಂದ ತೋಟಕ್ಕೆ ಕೆಲಸದವರನ್ನು ತುಂಬಿಕೊಂಡು ಹೋಗುವ ಜೀಪುಗಳನ್ನು ದಿನವೂ ನೋಡುವ ಮಕ್ಕಳಿಗೆ, ಮಿತಿಮೀರಿ ಜನ ತುಂಬಿದ ಗಾಡಿ ನಗೆ ಹುಟ್ಟಿಸುವ ವಿಚಿತ್ರವೇ ಅಲ್ಲ. "ಜೀಪು ಗುಂಡಿಗೆ ಇಳಿದಾಗ ಹಿಂದೆ ನಿಂತವರು ಏನು ಮಾಡುತ್ತಾರೆ?" ಎಂದು ಕೇಳಿದೆ. ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಾರೆ, ಒಬ್ಬರ ಮೇಲೊಬ್ಬರು ವಾಲುತ್ತಾರೆ, ಕೂಗುತ್ತಾರೆ ಎಂದರು. ಮತ್ತೆ ಬಸ್ಸನ್ನು ತೋರಿಸಿದೆ. ಅಷ್ಟು ಕುಲುಕಿದರೂ ಒಬ್ಬರೂ ಉದುರದೆ ಅಂಟಿಕೊಂಡಂತೆ ಇರುವುದು ಆಗ ಅವರ ಕಣ್ಣಿಗೆ ಬಿತ್ತು. ಹಿಂದಿನ ಬೆಂಚಿನಿಂದ ಆರಂಭವಾದ ನಗೆ ತರಗತಿಯನ್ನೆಲ್ಲ ಹಬ್ಬಿತು. ಅತಿಶಯೋಕ್ತಿಯ ಲಕ್ಷಣವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದದ್ದು ಆ ನಗೆಯ ನಂತರವೇ. ಯಾವುದನ್ನು ಮೀರಲಾಗಿದೆ ಎಂದು ತಿಳಿಯದೆ ಅತಿಶಯ ತಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ.

ರಾಮ್ ಮಾಧ್ವಾನಿ ನಿರ್ದೇಶಿಸಿದ, ಹಲ್ಲು ಬೆಳ್ಳಗಾಗಿಸುತ್ತೇನೆನ್ನುವ ಹ್ಯಾಪಿಡೆಂಟ್ ಚ್ಯೂಯಿಂಗ್ ಗಮ್‌ನ ಜಾಹೀರಾತು ಇದಕ್ಕಿಂತ ಕಠಿಣ. ಮುಸ್ಸಂಜೆಯಲ್ಲಿ ಒಬ್ಬನು ಸೈಕಲ್ ತುಳಿಯುತ್ತ ಅರಮನೆಗೆ ಧಾವಿಸುತ್ತಾನೆ. ದಾರಿಯಲ್ಲಿ ದೀಪಗಳಿರಬೇಕಾದ ಕಡೆಯಲ್ಲೆಲ್ಲ ಮನುಷ್ಯರಿದ್ದಾರೆ. ಕೊನೆಗೆ ಅವನೂ ಮನುಷ್ಯರೇ ಸೇರಿ ಆಗಿರುವ ತೂಗುದೀಪದಲ್ಲಿ ತನ್ನ ಜಾಗವನ್ನು ಸೇರುತ್ತಾನೆ. ಇಲ್ಲಿ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬರುತ್ತದೆ. ಹಲ್ಲು ಬೆಳಗುತ್ತದೆ ಎಂಬ ಕೊನೆಯ ತುಣುಕನ್ನು ಹಿಡಿದು ಹಿಂದಕ್ಕೆ ಬಂದರೆ ಮಾತ್ರ ಉಳಿದದ್ದೆಲ್ಲ ಜೋಡಣೆಯಾಗುತ್ತದೆ. ನಮ್ಮ ಮಳೆಗಾಲದಲ್ಲಿ ಡಿಶ್‌ನ ಸಿಗ್ನಲ್ ಹೋಗಿ ಚಿತ್ರ ನಿಂತುಬಿಡುವುದು ಸಾಮಾನ್ಯವಾದ್ದರಿಂದ, ಆ ಕೊನೆಯ ಕ್ಷಣಗಳನ್ನು ಕಳೆದುಕೊಂಡ ಮನೆಗಳು ಎಷ್ಟೋ ಇದ್ದಾವು. ಸಿಗ್ನಲ್ ಇದ್ದರೂ ತೊಂದರೆ ತಪ್ಪಿದ್ದಲ್ಲ. ಉದ್ದದ ಜಾಹೀರಾತನ್ನು ಕೆಲವು ದಿನ ತೋರಿಸಿ, ಆಮೇಲೆ ಖರ್ಚು ಉಳಿಸಲು ಅದನ್ನೇ ಕತ್ತರಿಸಿ ಚಿಕ್ಕದಾಗಿ ಹಾಕುವುದು ಆ ಉದ್ಯಮದ ರೂಢಿ. ಚಿಕ್ಕದನ್ನಷ್ಟೇ ಕಂಡವರಿಗೆ ಕಥೆಯ ತಲೆ ಬುಡ ತಿಳಿಯದಿದ್ದರೆ ತಪ್ಪು ಅವರದಲ್ಲ.

2021ರ ಐಪಿಎಲ್ ವೇಳೆಯಲ್ಲಿ ಬಂದ, ಕ್ರೆಡಿಟ್ ಕಾರ್ಡ್ ಬಿಲ್ಲು ಕಟ್ಟುವ ಕ್ರೆಡ್ ಎಂಬ ಆ್ಯಪ್‌ನ ಜಾಹೀರಾತನ್ನು ಮಕ್ಕಳೇ ತಂದರು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ರಾಹುಲ್ ದ್ರಾವಿಡ್ ಕಿರುಚಾಡಿ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಒಡೆದು, ತಾನು ಇಂದಿರಾನಗರದ ಗೂಂಡಾ ಎಂದು ಹಿಂದಿಯಲ್ಲಿ ಘೋಷಿಸುತ್ತಾರೆ. ದ್ರಾವಿಡ್ ಆಡುವುದನ್ನು ನಿಲ್ಲಿಸಿದಾಗ ಈ ಮಕ್ಕಳು ಬಹಳ ಚಿಕ್ಕವರು. ಅವರಿಗೆ ಕಂಡದ್ದು ಕೋಪಿಷ್ಠನಾದ ಒಬ್ಬ ಮಧ್ಯವಯಸ್ಕ ಮಾತ್ರ. ಹಾಗಾಗಿ ಮನೆಯ ಹಿರಿಯರನ್ನು ದ್ರಾವಿಡ್ ಎಂಥವರೆಂದು ಕೇಳಿ ಬರಲು ಹೇಳಿದೆ. ಮರುದಿನ ಒಬ್ಬ ಹುಡುಗ, "ನಮ್ಮ ಅಜ್ಜ ಹೇಳಿದರು, ಅವರು ಇಡೀ ದಿನ ಆಡಿದರೂ ಎದುರಾಳಿಗೆ ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲವಂತೆ" ಎಂದ. ಅಲ್ಲಿಗೆ ಬೀಗ ತೆರೆಯಿತು. ಬಿಲ್ಲು ಕಟ್ಟಿದ್ದಕ್ಕೆ ಬಹುಮಾನ ಸಿಗುವುದು ದ್ರಾವಿಡ್‌ಗೆ ಸಿಟ್ಟು ಬರುವಷ್ಟೇ ನಂಬಲಾಗದ ಮಾತು ಎಂಬುದು ಜಾಹೀರಾತಿನ ಆಶಯ, ಮತ್ತು ಅದನ್ನು ಹೇಳುವ ಸಾಲು ಇರುವುದು ಆರಂಭದಲ್ಲಿ. ಮೊಬೈಲಿನಲ್ಲಿ ಮಕ್ಕಳಿಗೆ ತಲುಪಿದ್ದ ತುಣುಕಿನಲ್ಲಿ ಆ ಆರಂಭವೇ ಇರಲಿಲ್ಲ.

ಹಾಸ್ಯವೇ ಇಲ್ಲದ, ಆದರೂ ಒಗಟಾಗಿ ಉಳಿಯುವ ಜಾಹೀರಾತುಗಳೂ ಇವೆ. ಬರಿಯ ಸೋಡಾ ಬಾಟಲಿಗೆ ಅಷ್ಟು ವೈಭವ, ಅಷ್ಟು ಪಾರ್ಟಿ ಏಕೆ ಎಂದು ಒಬ್ಬ ಹುಡುಗಿ ಕೇಳಿದಳು. ಇದಕ್ಕೆ ಉತ್ತರ ಅಲಂಕಾರಶಾಸ್ತ್ರದಲ್ಲಿಲ್ಲ, ಕಾನೂನಿನಲ್ಲಿದೆ: ಕೇಬಲ್ ಟಿ.ವಿ. ನಿಯಮಗಳು ಮದ್ಯದ ಜಾಹೀರಾತನ್ನು ನಿಷೇಧಿಸಿರುವುದರಿಂದ ಅದೇ ಹೆಸರು ಸೋಡಾದ ವೇಷದಲ್ಲಿ ಬರುತ್ತದೆ. ಇಂಥ ಬದಲಿ ಜಾಹೀರಾತುಗಳನ್ನು ಕೇಂದ್ರದ 2022ರ ಮಾರ್ಗಸೂಚಿಯೂ ತಡೆಯುತ್ತದೆ ಎಂದು ವಿವರಿಸಿದೆ. ಹದಿಹರೆಯದವರಿಗೆ ಇದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಶಿಕ್ಷಕರ ಕರ್ತವ್ಯವೆಂದೇ ನಾನು ನಂಬಿದ್ದೇನೆ. ಜಾಹೀರಾತು ತಪ್ಪುದಾರಿಗೆ ಎಳೆಯುತ್ತಿದ್ದರೆ, 1985ರಲ್ಲಿ ಆರಂಭವಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಗೆ ಯಾವ ನೋಡುಗರಾದರೂ ದೂರು ಕೊಡಬಹುದು. ಪತ್ರಲೇಖನದ ಪಾಠಕ್ಕೆ ಈ ವರ್ಷ ಅಂಥ ದೂರಿನ ಕರಡನ್ನೇ ಅಭ್ಯಾಸವಾಗಿ ಕೊಟ್ಟಿದ್ದೇನೆ.