ಮೊದಲು ಬಿಲ ಮುಚ್ಚಿ ನೋಡಿ, ಬೋನು ಆಮೇಲೆ

ಗಾಳಿಯಿಲ್ಲದ ದಿನ ಬಾಳೆಗಿಡ ತಾನಾಗಿ ಮಗುಚಿಕೊಂಡರೆ ಮೊದಲು ಬುಡ ನೋಡಬೇಕು. ಮೂತಿಹುಳು ತಿಂದಿದ್ದರೆ ಗಡ್ಡೆಯೊಳಗೆ ಸಣ್ಣ ಸಣ್ಣ ಸುರಂಗ, ಕಪ್ಪಗೆ ಕೊಳೆತ ಪುಡಿ. ಹೆಗ್ಗಣ ತಿಂದಿದ್ದರೆ ಗಡ್ಡೆಯ ಒಂದು ಮಗ್ಗುಲೇ ಇರುವುದಿಲ್ಲ. ಉಳಿದ ಬಿಳಿ ತಿರುಳಿನ ಮೇಲೆ ಉಳಿಯಲ್ಲಿ ಕೆತ್ತಿದ ಹಾಗೆ ಜೋಡಿ ಜೋಡಿ ಹಲ್ಲಿನ ಗೆರೆ. ಬುಡದ ಮಣ್ಣು ಟೊಳ್ಳಾಗಿ, ಕಾಲಿಟ್ಟರೆ ಕುಸಿಯುತ್ತದೆ.

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟ. ನಡುವೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿದ ಮೆಣಸು. ಕೆಳಗೆ ಗದ್ದೆ, ಮೇಲೆ ಸೊಪ್ಪಿನಬೆಟ್ಟ, ಮನೆಯ ಹಿಂದೆ ಗೆಣಸು, ಕೆಸು, ಸುವರ್ಣಗಡ್ಡೆಯ ಹಿತ್ತಿಲು. ಹೆಗ್ಗಣಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾರೂ ಮಾಡಿಕೊಡಲಾರರು. ತಿನ್ನಲು ಗಡ್ಡೆ, ಅಡಗಲು ಸೊಪ್ಪಿನ ಮುಚ್ಚಿಗೆ, ಕುಡಿಯಲು ಬಸಿಗಾಲುವೆ, ಕೂಡಿಡಲು ಗದ್ದೆಯ ಭತ್ತ. ಇದರ ಜೊತೆ ಹೆಣಗಿ ನನಗೆ ಗಟ್ಟಿಯಾಗಿ ಗೊತ್ತಾದದ್ದು ಒಂದೇ. ಬೋನು ಯಾವುದು, ವಿಷ ಯಾವುದು ಎನ್ನುವುದು ಎರಡನೆಯ ಪ್ರಶ್ನೆ. ಅದು ಈಗ ಯಾವ ಬಿಲದಲ್ಲಿದೆ ಎನ್ನುವುದೇ ಮೊದಲ ಪ್ರಶ್ನೆ.

ಫೋನಿನಲ್ಲಿ ಹುಡುಕಿದರೆ ಬರುವ ಉಪಾಯಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವುಗಳಲ್ಲಿ ಮುಕ್ಕಾಲು ಪಾಲು ‘ಮೋಲ್’ ಎಂಬ ಪ್ರಾಣಿಗೆ ಸೇರಿದ್ದು. ಯುರೋಪು, ಅಮೆರಿಕದ ಹುಲ್ಲುಹಾಸುಗಳಲ್ಲಿ ಮಣ್ಣು ಗುಪ್ಪೆ ಹಾಕುವುದು ಅದು. ನಮ್ಮ ದೇಶದಲ್ಲಿ ಪೂರ್ವ ಹಿಮಾಲಯ ಮತ್ತು ಈಶಾನ್ಯದ ಗುಡ್ಡಗಳಲ್ಲಿ ಇದೆ, ಪಶ್ಚಿಮ ಘಟ್ಟದಲ್ಲಿ ಇಲ್ಲ. ಅದು ತಿನ್ನುವುದು ಎರೆಹುಳು, ಗೊಣ್ಣೆಹುಳು. ಬೇರು ಗಡ್ಡೆಯ ತಂಟೆಗೆ ಹೋಗುವುದಿಲ್ಲ. ಅದಕ್ಕೆ ಹೇಳಿದ ಔಷಧಿ ಹೆಗ್ಗಣಕ್ಕೆ ಯಾಕೆ ತಾಗಬೇಕು? ಬೆಂಗಳೂರಿನಲ್ಲಿರುವ ತಂಗಿಯ ಮಗ ಪ್ರೀತಿಯಿಂದ ಒಂದು ಸೋಲಾರ್ ಗೂಟ ಕಳಿಸಿದ್ದ. ನೆಲಕ್ಕೆ ಚುಚ್ಚಿದರೆ ಗುಂಯ್‌ ಎಂದು ನಡುಗುತ್ತದೆ, ಆ ಸದ್ದಿಗೆ ಬಿಲದ ಪ್ರಾಣಿ ಓಡಿಹೋಗುತ್ತದಂತೆ. ಅದರಿಂದ ಒಂದು ಮಾರು ದೂರದಲ್ಲೇ ಹೊಸ ಮಣ್ಣು ಬಿದ್ದಿತ್ತು. “ಮಾವ, ಓಡಿತಾ?” ಎಂದು ಕೇಳಿದ. “ಇಲ್ಲ ಮಾರಾಯ, ಸಂಗೀತ ಕೇಳ್ತಾ ಗೆಣಸು ತಿಂತಾ ಇದೆ” ಎಂದೆ.

ಸೊಂಡಿಲಿಯ ಪರವಾಗಿಯೂ ಒಂದು ಮಾತು. ರಾತ್ರಿ ಗೋಡೆ ಬುಡದಲ್ಲಿ ಚಿಕ್ ಚಿಕ್ ಎನ್ನುತ್ತ ಓಡುವ, ಗಬ್ಬು ವಾಸನೆಯ, ಉದ್ದ ಮೂತಿಯ ಪ್ರಾಣಿ ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳುಹುಪ್ಪಟೆ ತಿಂದು ಬದುಕುತ್ತದೆ. ಬೋನಿಗೆ ಬಿದ್ದರೆ ನಾವು ಬಿಟ್ಟುಬಿಡುತ್ತೇವೆ.

ಹೆಗ್ಗಣದಲ್ಲಿ ನಮ್ಮಲ್ಲಿ ಎರಡು ಬಗೆ. ಕೊಟ್ಟಿಗೆ, ಗೊಬ್ಬರಗುಂಡಿ, ಮನೆಯ ಪಾಯದ ಸುತ್ತ ಇರುವುದು ದೊಡ್ಡದು, ಒಂದು ಕೆ.ಜಿ. ದಾಟುವುದೂ ಉಂಟು. ತೋಟ, ಗದ್ದೆ ಹಾಳು ಮಾಡುವುದು ಚಿಕ್ಕದು. ಕಾಲು ಕೆ.ಜಿ.ಯ ಆಚೀಚೆ ತೂಗುತ್ತದೆ, ಮೂತಿ ಮೊಂಡು, ಬಾಲ ಮೈಗಿಂತ ಗಿಡ್ಡ. ಬೋನಿನಲ್ಲಿ ಸಿಕ್ಕಾಗ ಮೈಕೂದಲು ನಿಗುರಿಸಿ ಗುರುಗುಟ್ಟುತ್ತದೆ. ಮರಿಗಳಿರುವ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಒಂದು ಬಿಲಕ್ಕೆ ಒಂದೇ. ಇದು ಒಳ್ಳೆಯ ಸುದ್ದಿ, ಯಾಕೆಂದರೆ ಐವತ್ತು ತೂತು ಕಂಡರೂ ಐವತ್ತು ಹೆಗ್ಗಣ ಇಲ್ಲ. ಒಂದೇ ಹೆಗ್ಗಣದ ಬಿಲಕ್ಕೆ ಹಲವು ಬಾಯಿ, ಅರ್ಧಕ್ಕರ್ಧ ಹಳೆಯವು.

ಅದಕ್ಕೇ ಬಿಲ ಮುಚ್ಚುವ ಕೆಲಸ. ಸಂಜೆ ಬೆಳಕಿರುವಾಗಲೇ ಒಂದು ಗುದ್ದಲಿ ಹಿಡಿದು ತೋಟದ ಒಂದು ಮೂಲೆಯಿಂದ ಹೊರಡುವುದು. ಧರೆ (ಕಡಿದಾದ ಮಣ್ಣಿನ ಗೋಡೆ), ಕಾಲುವೆ ಅಂಚು, ಬಾಳೆ ಬುಡ, ಗೊಬ್ಬರಗುಂಡಿಯ ಸುತ್ತ, ಗದ್ದೆಯ ಬದು, ಎಲ್ಲ ಕಡೆ ಕಂಡ ತೂತನ್ನೆಲ್ಲ ಹಸಿಮಣ್ಣು ಹಾಕಿ ಕಾಲಲ್ಲಿ ತುಳಿದು ಮುಚ್ಚುವುದು. ಪಕ್ಕದಲ್ಲಿ ಒಂದು ಕಡ್ಡಿ ಚುಚ್ಚುವುದು. ಬೆಳಿಗ್ಗೆ ಬಿಸಿಲೇರುವ ಮೊದಲು ಅದೇ ದಾರಿಯಲ್ಲಿ ಮತ್ತೆ ಬಂದರೆ ಎಲ್ಲವೂ ತಾನಾಗಿ ಗೊತ್ತಾಗುತ್ತದೆ. ಹೆಚ್ಚಿನವು ಮುಚ್ಚಿದಂತೆಯೇ ಇರುತ್ತವೆ. ಕೆಲವು ಕಡೆ ಮಾತ್ರ ಹೊಸದಾಗಿ ತೋಡಿ ಹಾಕಿದ, ಇನ್ನೂ ತೇವ ಆರದ ಸಡಿಲ ಮಣ್ಣಿನ ಗುಪ್ಪೆ. ಜೀವವಿರುವ ಬಿಲ ಅದು. ಇಷ್ಟು ನೋಡದೆ ತೋಟವೆಲ್ಲ ವಿಷದ ಪೊಟ್ಟಣ ಹಂಚುವುದು ದುಡ್ಡು ದಂಡ, ಅಪಾಯವೂ ಹೌದು.

ಏಡಿಯ ತೂತಿಗೂ ಇದಕ್ಕೂ ವ್ಯತ್ಯಾಸ ಇದೆ. ಏಡಿ ಬಿಲದ ಬಾಯಲ್ಲಿ ಕೆಸರಿನ ಉಂಡೆಗಳು ಸುತ್ತ ಕೂಡಿರುತ್ತವೆ. ಹೆಗ್ಗಣ ಮಣ್ಣನ್ನು ಕಾಲಿನಿಂದ ಹಿಂದಕ್ಕೆ ತಳ್ಳುವುದರಿಂದ ಅದು ಪುಡಿಪುಡಿಯಾಗಿ ಒಂದೇ ಕಡೆ ರಾಶಿ ಬೀಳುತ್ತದೆ. ಮಣ್ಣೇ ಇಲ್ಲದ ನುಣುಪಾದ ಬಾಯಿ ಕಂಡರೆ ಕೈ ಹತ್ತಿರ ಒಯ್ಯಬೇಡಿ. ಹೆಗ್ಗಣ ಬಿಟ್ಟ ಬಿಲಕ್ಕೆ ನಾಗರಹಾವು, ಕೇರೆಹಾವು ಬಂದು ಸೇರುತ್ತವೆ. ಎಂಥ ಬಿಲವಾದರೂ ಕೈ ಹಾಕುವ ಕೆಲಸ ನಮ್ಮ ತೋಟದಲ್ಲಿ ಯಾರೂ ಮಾಡುವುದಿಲ್ಲ.

ಕೊಯ್ಲು ಮುಗಿದ ಮೇಲೆ ಗದ್ದೆಯ ಬದುವಿನಲ್ಲಿ ಒಂದು ಬಿಲವನ್ನು ಕೊನೆಯವರೆಗೂ ಅಗೆದು ನೋಡಿದೆವು. ಕೆಲಸದ ಅಣ್ಣ ಗುದ್ದಲಿ ಹಿಡಿದಿದ್ದ, ನಾನು ಮಣ್ಣು ಎಳೆಯುತ್ತಿದ್ದೆ. ದಾರಿ ನೇರ ಹೋಗುವುದಿಲ್ಲ, ಬದುವಿನ ಉದ್ದಕ್ಕೂ ಹಾವಿನಂತೆ ಹೊರಳುತ್ತದೆ, ಅಲ್ಲಲ್ಲಿ ಕವಲು. ಒಂದು ಕವಲಿನ ತುದಿಯಲ್ಲಿ ಬಾಳೆಯ ಒಣ ಪಟ್ಟೆ, ಹುಲ್ಲು ಸಿಗಿದು ಮಾಡಿದ ಹಾಸಿಗೆ. ಇನ್ನೊಂದರಲ್ಲಿ ಭತ್ತದ ತೆನೆ. ಕಾಳಲ್ಲ, ಇಡೀ ತೆನೆಗಳೇ. ದಂಟನ್ನು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಒತ್ತಿ ತುಂಬಿದ್ದು. ನಾವು ಅಲ್ಲಿ ಬಗ್ಗಿ ನೋಡುತ್ತಿರುವಾಗಲೇ ಎರಡು ಮಾರು ಆಚೆ ನೆಲ ತಾನಾಗಿ ಒಡೆದು ಹೆಗ್ಗಣ ಹೊರಗೆ ಹಾರಿ ಕಾಲುವೆಗೆ ಬಿತ್ತು. ಮೇಲೆ ತೆಳ್ಳಗೆ ಮಣ್ಣು ಉಳಿಸಿದ ಕಳ್ಳಬಾಗಿಲು ಒಂದು ಯಾವಾಗಲೂ ಇರುತ್ತದೆ. ನೀರು ಹೊಯ್ಯುವವರು, ಮೆಣಸಿನಕಾಯಿ ಹೊಗೆ ಹಾಕುವವರು ಸೋಲುವುದು ಇದರಿಂದಲೇ. ಹೊಗೆ ಹಾಕುವುದಾದರೆ ಇಬ್ಬರು ಬೇಕು, ಒಬ್ಬ ಕೋಲು ಹಿಡಿದು ಸುತ್ತ ನೆಲ ನೋಡುತ್ತಿರಬೇಕು. ಈಜು ಬೇರೆ ಚೆನ್ನಾಗಿ ಬರುತ್ತದೆ ಅದಕ್ಕೆ.

ನಾನು ಹೆಚ್ಚು ನಂಬಿರುವುದು ಬೋನನ್ನು. ಕಬ್ಬಿಣದ ಪಂಜರದ ಬೋನೂ ಇದೆ, ಕತ್ತರಿ ಬೋನೂ ಇದೆ. ಹೆಗ್ಗಣಕ್ಕೆ ಹೊಸ ವಸ್ತುವೆಂದರೆ ಅನುಮಾನ. ಇಟ್ಟ ಮೊದಲ ರಾತ್ರಿಯೇ ಬೀಳಬೇಕೆಂದು ಕಾದರೆ ಆಗುವುದಿಲ್ಲ. ಜೀವವಿರುವ ಬಿಲದ ಬಾಯಿಂದ ಸ್ವಲ್ಪ ದೂರ, ಅದು ಓಡಾಡಿ ಸವೆದ ದಾರಿಗೆ ಅಡ್ಡವಾಗಿ ಬೋನು ಇಟ್ಟು, ಬಾಗಿಲು ಬೀಳದಂತೆ ತಂತಿಯಲ್ಲಿ ಕಟ್ಟಿ, ಒಳಗೆ ತಿಂಡಿ ಹಾಕಿ ಕೆಲವು ದಿನ ಬಿಡಬೇಕು. ತಿಂಡಿ ಖಾಲಿಯಾಗತೊಡಗಿದ ಮೇಲೆ ತಂತಿ ಬಿಚ್ಚಬೇಕು. ತಿಂಡಿಗೆ ನಮ್ಮ ಮನೆಯಿಂದ ಸುಟ್ಟ ಕೊಬ್ಬರಿ, ಸುಟ್ಟ ಹಲಸಿನ ಬೀಜ. ಕೆಲಸದ ಅಣ್ಣನದು ಒಣಮೀನು. ಯಾವುದು ಮೇಲು ಎಂದು ನಮ್ಮಿಬ್ಬರಲ್ಲಿ ವಾದ ಇನ್ನೂ ಮುಗಿದಿಲ್ಲ; ಬೋನಿನ ಲೆಕ್ಕ ಮಾತ್ರ ಅವನ ಪರವಾಗಿದೆ. ಕತ್ತರಿ ಬೋನನ್ನು ಗೂಟಕ್ಕೆ ತಂತಿಯಲ್ಲಿ ಬಿಗಿದಿರಬೇಕು. ಕಾಲು ಸಿಕ್ಕ ಹೆಗ್ಗಣ ಬೋನನ್ನೇ ಎಳೆದುಕೊಂಡು ಹೋಗುತ್ತದೆ. ನಾಯಿ, ಬೆಕ್ಕು, ಮಕ್ಕಳು ತಿರುಗಾಡುವ ಕಡೆ ಈ ಬೋನು ಬೇಡ.

ವಿಷ ಹಾಕುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅಂಗಡಿಯಲ್ಲಿ ಸಿಗುವ ಎರಡು ಬಗೆ ನಮಗೆ ಗೊತ್ತು. ಒಂದು ಕಪ್ಪು ಪುಡಿ, ಜಿಂಕ್ ಫಾಸ್ಫೈಡ್. ಶಿಫಾರಸು ಹೀಗೆ: ನುಚ್ಚು 96 ಪಾಲು, ಅಡುಗೆ ಎಣ್ಣೆ 2 ಪಾಲು, ಪುಡಿ 2 ಪಾಲು. ಅದಕ್ಕೂ ಮೊದಲು ಎರಡು ಮೂರು ದಿನ ಬರೀ ಎಣ್ಣೆ ಕಲಸಿದ ನುಚ್ಚು ಕೊಟ್ಟು ರುಚಿ ಹತ್ತಿಸಬೇಕು. ಹೊಟ್ಟೆಯ ಆಮ್ಲಕ್ಕೆ ಸೇರಿದ ಕೂಡಲೇ ಫಾಸ್ಫೀನ್ ಅನಿಲವಾಗುತ್ತದೆ. ಮನುಷ್ಯರ ಹೊಟ್ಟೆಗೆ ಹೋದರೂ ಅದೇ ಕತೆ, ಪ್ರತ್ಯೌಷಧ ಇಲ್ಲ. ಕೋಲಿನಲ್ಲೇ ಕಲಸಬೇಕು, ಬಯಲಲ್ಲಿ ಕಲಸಬೇಕು, ಅಡುಗೆಮನೆಯ ಪಾತ್ರೆ ತಾಗಿಸಬಾರದು. ಅರ್ಧಂಬರ್ಧ ತಿಂದು ಬದುಕಿದ ಹೆಗ್ಗಣ ಮತ್ತೆ ಅದನ್ನು ಮೂಸುವುದಿಲ್ಲ, ಹಾಗಾಗಿ ಮೇಲಿಂದ ಮೇಲೆ ಹಾಕಿ ಪ್ರಯೋಜನವೂ ಇಲ್ಲ. ಇನ್ನೊಂದು ಬ್ರೊಮಾಡಿಯೋಲೋನ್, 0.005 ಶೇಕಡಾ ಇರುವ ತಯಾರಿ ಬಿಲ್ಲೆ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುತ್ತದೆ, ಅದಕ್ಕೇ ಹೆಗ್ಗಣಕ್ಕೆ ತಿಂಡಿಯ ಮೇಲೆ ಅನುಮಾನ ಬರುವುದಿಲ್ಲ. ಇದಕ್ಕೆ ವಿಟಮಿನ್ ಕೆ1 ಪ್ರತ್ಯೌಷಧ ಇದೆ. ನಾಯಿ ತಿಂದದ್ದು ಕಂಡರೆ ಬಿಲ್ಲೆಯ ಹೊದಿಕೆ ಹಿಡಿದು ನೇರ ಪಶುವೈದ್ಯರ ಹತ್ತಿರ ಓಡಬೇಕು. ಯಾವುದನ್ನೇ ಆಗಲಿ ಕಾಗದದಲ್ಲಿ ಸುತ್ತಿ ಜೀವವಿರುವ ಬಿಲದೊಳಗೆ ಆಳಕ್ಕೆ ತಳ್ಳಿ ಬಾಯಿ ಮುಚ್ಚುವುದು ನಮ್ಮ ಕ್ರಮ, ನೆಲದ ಮೇಲೆ ಎಂದೂ ಇಲ್ಲ. ಸತ್ತದ್ದು ಕಂಡರೆ ಆಳವಾಗಿ ಹೂಳುತ್ತೇವೆ. ಧಾನ್ಯದ ಗೋದಾಮಿನಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಬಿಲಕ್ಕೆ ಹಾಕಿ ಎಂದು ಹೇಳುವವರಿದ್ದಾರೆ. ತರಬೇತಿಯಿಲ್ಲದವರು ಮುಟ್ಟಬಾರದ, ಮಾರಾಟಕ್ಕೂ ನಿರ್ಬಂಧ ಇರುವ ಸರಕು ಅದು. ಮನೆಗೆ ತಾಗಿದ ಬಿಲಕ್ಕೆ ಹಾಕಿದರೆ ಅನಿಲ ಮನೆಯೊಳಗೇ ಬರಬಹುದು. ನಮ್ಮಲ್ಲಿ ಅದಕ್ಕೆ ಪ್ರವೇಶವಿಲ್ಲ.

ವಿಷ ಕಡಿಮೆ ಮಾಡಿದ್ದಕ್ಕೆ ಮುಖ್ಯ ಕಾರಣ ಗೂಬೆ. ಹಳೆಯ ಅಡಿಕೆ ಮನೆಯ ಅಟ್ಟದಲ್ಲಿ ಬಿಳಿ ಮುಖದ ಕಣಜಗೂಬೆಯ ಜೋಡಿ ಇದೆ. ಮನೆಯಲ್ಲಿ ಹಿರಿಯರು ಅಪಶಕುನ ಎಂದು ಗೊಣಗಿದರು. ನಾನು ಗೂಬೆ ಕೂರುವ ಜಾಗದ ಕೆಳಗೆ ಬಿದ್ದಿದ್ದ ಕಪ್ಪು ಉಂಡೆಗಳನ್ನು ತಂದು ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿ ತೋರಿಸಿದೆ. ಗೂಬೆ ಬೇಟೆಯನ್ನು ಇಡಿಯಾಗಿ ನುಂಗಿ, ಕರಗದ ಕೂದಲು ಮೂಳೆಯನ್ನು ಉಂಡೆ ಮಾಡಿ ಕಾರುತ್ತದೆ. ಬೂದು ಕೂದಲಿನ ನಡುವೆ ಸಣ್ಣ ತಲೆಬುರುಡೆಗಳು, ಮುಂದಿನ ಬಾಗಿದ ಹಲ್ಲು ಕಿತ್ತಳೆ ಹಳದಿ. ಇಲಿ ಹೆಗ್ಗಣಗಳ ಹಲ್ಲಿನ ಬಣ್ಣ ಅದು. ಸೊಂಡಿಲಿಯದಾದರೆ ಹಲ್ಲು ಬೆಳ್ಳಗಿರುತ್ತದೆ. ಆಮೇಲೆ ಅಟ್ಟದ ಕಿಟಕಿ ಮುಚ್ಚುವ ಮಾತು ಯಾರೂ ಎತ್ತಲಿಲ್ಲ. ಬ್ರೊಮಾಡಿಯೋಲೋನ್ ತಿಂದು ತೂಕಡಿಸುವ ಹೆಗ್ಗಣ ಗೂಬೆಗೆ ಸುಲಭದ ತುತ್ತು, ವಿಷ ಅದರ ಮೈಗೂ ಏರುತ್ತದೆ. ಗದ್ದೆಯಲ್ಲಿ ಈಗ ಗೂಬೆ ಕೂರಲೆಂದು ಅಡ್ಡಪಟ್ಟಿ ಬಡಿದ ಗೂಟ ನೆಟ್ಟಿದ್ದೇವೆ. ಕೇರೆಹಾವು ಕಂಡರೆ ಹೊಡೆಯುವ ರೂಢಿಯೂ ನಿಂತಿದೆ.

ಮುಚ್ಚಿಗೆಯ ಪ್ರಶ್ನೆ ಮಾತ್ರ ಕಗ್ಗಂಟು. ಅಡಿಕೆ ಬುಡಕ್ಕೆ ಸೊಪ್ಪು ಬೇಕೇ ಬೇಕು, ಹೆಗ್ಗಣಕ್ಕೂ ಅದೇ ಬೇಕು. ಬುಡದಿಂದ ಸ್ವಲ್ಪ ಬಿಟ್ಟು ಹರಡುತ್ತೇವೆ. ಕಾಲುವೆಯ ಅಂಚು, ಧರೆಯ ಮೈ ಮಾತ್ರ ಯಾವಾಗಲೂ ಸವರಿ ಬೋಳಾಗಿ ಇಡುತ್ತೇವೆ. ಬೋಳು ಜಾಗ ದಾಟಲು ಹೆಗ್ಗಣ ಹೆದರುತ್ತದೆ, ಹೊಸ ಮಣ್ಣು ಬಿದ್ದರೂ ದೂರದಿಂದ ಕಾಣುತ್ತದೆ. ಒಣ ಸೋಗೆ, ಹಾಳೆ, ತೆಂಗಿನ ಸಿಪ್ಪೆ ರಾಶಿ ಹಾಕಿ ಮರೆಯುವುದು ನಿಂತಿದೆ. ಬದುಗಳನ್ನು ಅಗಲ ಮಾಡಿದಷ್ಟೂ ಬಿಲಕ್ಕೆ ಅನುಕೂಲ, ಹಾಗಾಗಿ ಗದ್ದೆಯ ಅಂಚು ಕಡಿಯುವಾಗ ಸಣ್ಣದಾಗಿಯೇ ಕಡಿಯುತ್ತೇವೆ. ಗೆಣಸನ್ನು ಬಲಿತ ಮೇಲೆ ನೆಲದಲ್ಲಿ ಇಟ್ಟು ಬೇಕಾದಾಗ ಕೀಳುವ ಚಾಳಿ ಬಿಟ್ಟು, ಒಮ್ಮೆಗೇ ಕಿತ್ತು ಒಳಗೆ ಹಾಕುತ್ತೇವೆ. ಅಡಿಕೆ ಸಸಿಮಡಿಯ ಅಡಿಗೆ ಅರ್ಧ ಇಂಚಿನ ಕಣ್ಣಿನ ತಂತಿಜಾಲರಿ ಹಾಸಿ, ಅಂಚನ್ನು ಮೇಲಕ್ಕೆ ಮಡಚಿದ ಮೇಲೆ ಅಲ್ಲಿ ತಂಟೆಯಿಲ್ಲ. ಇಡೀ ತೋಟಕ್ಕೆ ಜಾಲರಿ ಹಾಸಲು ಯಾರಿಂದಲೂ ಆಗುವುದಿಲ್ಲ ಅನ್ನಿ.

ಕಾಲ ನೋಡಿ ಕೆಲಸಕ್ಕೆ ಇಳಿಯಬೇಕು. ಹೆಗ್ಗಣದ ಗರ್ಭ ಮೂರು ವಾರ ಚಿಲ್ಲರೆ, ಒಂದು ಸೂಲಿಗೆ ಆರೆಂಟು ಮರಿ ಸಾಮಾನ್ಯ. ಭತ್ತ ತೆನೆಗಟ್ಟುವಾಗ ತಿಂಡಿ ಹೆಚ್ಚಾಗಿ ಸಂತಾನವೂ ಏರುತ್ತದೆ. ಆಗ ಬೋನು ಹಿಡಿದು ಓಡಾಡಿದರೆ ಹಿಡಿದಷ್ಟೂ ಹುಟ್ಟುತ್ತದೆ. ಏಪ್ರಿಲ್, ಮೇನಲ್ಲಿ ಗದ್ದೆ ಖಾಲಿ, ಹುಲ್ಲು ಒಣಗಿದೆ, ಬಿಲ ಕಣ್ಣಿಗೆ ಕಾಣುತ್ತದೆ, ಹಸಿವಿಗೆ ಬೋನಿನ ತಿಂಡಿಯ ಆಸೆಯೂ ಹೆಚ್ಚು. ಪಕ್ಕದ ತೋಟದ ಮಾವನ ಹತ್ತಿರ, “ನಾವೊಬ್ಬರೇ ಮಾಡಿದ್ರೆ ನಿಮ್ಮನೇದು ಇಲ್ಲಿಗೆ ಬಂದು ಕೂರ್ತದೆ, ಒಟ್ಟಿಗೇ ಮುಚ್ಚೋಣ” ಎಂದೆ. “ನಮ್ಮನೇದು ನಿಮ್ಮನೇದು ಅಂತ ಅದಕ್ಕೆ ಪಹಣಿ ಉಂಟನಾ?” ಎಂದು ನಕ್ಕರೂ ಗುದ್ದಲಿ ಹಿಡಿದು ಬಂದರು. ಈಗ ಕೆಳಗಿನ ಗದ್ದೆಯವರೂ ಸೇರಿ ಬೇಸಿಗೆಯಲ್ಲಿ ಒಂದೇ ವಾರದೊಳಗೆ ಎಲ್ಲರ ಬಿಲ ಮುಚ್ಚಿ ನೋಡುವ ರೂಢಿಯಾಗಿದೆ. ಖಾಲಿಯಾದ ಬಿಲಕ್ಕೆ ಹೊರಗಿನ ಹೆಗ್ಗಣ ಬಂದು ಸೇರುವುದು ಇದರಿಂದ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ.

ಈ ಕೆಲಸಕ್ಕೆ ಬರಿಗಾಲು ಬೇಡ. ಇಲಿಜ್ವರದ ರೋಗಾಣು ಇಲಿ ಹೆಗ್ಗಣಗಳ ಉಚ್ಚೆಯಿಂದ ಕೆಸರಿಗೆ ಸೇರಿ, ಕಾಲಿನ ಗಾಯ ಬಿರುಕುಗಳಿಂದ ಮೈ ಸೇರುತ್ತದೆ. ಮಲೆನಾಡು ಕರಾವಳಿಯಲ್ಲಿ ಮಳೆಗಾಲಕ್ಕೆ ಇದು ಹೊಸದಲ್ಲ. ಗಂಬೂಟು, ಕೈಗೆ ರಬ್ಬರ್ ಗವಸು ಹಾಕಿಕೊಂಡೇ ಬಿಲದ ಹತ್ತಿರ ಹೋಗುವುದು. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಬಂದರೆ ವೈದ್ಯರಿಗೆ ತೋಟದ ಕೆಲಸ ಮಾಡಿದ್ದನ್ನು ಮೊದಲೇ ಹೇಳಬೇಕು. ಬೇಗ ಗೊತ್ತಾದರೆ ಸಾಮಾನ್ಯ ಆಂಟಿಬಯಾಟಿಕ್‌ಗೇ ಬಗ್ಗುವ ಕಾಯಿಲೆ, ತಡವಾದರೆ ಕಿಡ್ನಿ, ಲಿವರ್‌ಗೆ ಇಳಿಯುತ್ತದೆ.

ತೆಂಗಿನ ಎಳೆಕಾಯಿ ತೂತಾಗಿ ಬೀಳುವುದು ಈ ಹೆಗ್ಗಣದ ಕೆಲಸವಲ್ಲ, ಮರ ಹತ್ತುವ ಇಲಿಯದ್ದು. ಬಿಡಿ ಮರವಾದರೆ ನೆಲದಿಂದ 2 ಮೀಟರ್ ಮೇಲೆ 40 ಸೆಂ.ಮೀ. ಅಗಲದ ತಗಡು ಸುತ್ತಿದರೆ ಜಾರಿ ಬೀಳುತ್ತದೆ. ನಮ್ಮದರಂತೆ ಅಡಿಕೆಯ ನಡುವೆ ತೆಂಗು ಇದ್ದು ಸೋಗೆಗೆ ಸೋಗೆ ತಾಗುತ್ತಿದ್ದರೆ ತಗಡು ದಂಡ, ಇಲಿ ಮೇಲಿನಿಂದಲೇ ದಾಟುತ್ತದೆ. ಅಂಥಲ್ಲಿ ಐದು ಮರಕ್ಕೊಂದರಂತೆ ಸುಳಿಯಲ್ಲಿ 10 ಗ್ರಾಂ ಬ್ರೊಮಾಡಿಯೋಲೋನ್ ಬಿಲ್ಲೆ, 12 ದಿನ ಬಿಟ್ಟು ಇನ್ನೊಮ್ಮೆ ಇಡಬೇಕೆಂಬ ಶಿಫಾರಸು ಇದೆ. ಅಟ್ಟದ ಗೂಬೆ ನೆನಪಾಗಿ ನಾನು ಅದನ್ನು ಇಟ್ಟಿಲ್ಲ. ಮನೆಗೆ ಬೇಕಾದಷ್ಟು ಕಾಯಿ ಉಳಿಯುತ್ತಿದೆ.